ಮೋಟಾರು ಸುಟ್ಟಿದ್ದು ಜೋರು ಮಳೆಗಲ್ಲ

ಕಳೆದ ವರ್ಷ ಮೇ ತಿಂಗಳ ಅಡ್ಡಮಳೆಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನಾವಿರುವುದು ಹುಬ್ಬಳ್ಳಿಯ ಉಣಕಲ್ ಕಡೆ, ತಗ್ಗಿನ ಜಾಗ. ಅಲ್ಲಿ ಮಳೆನೀರು ಬಂದು ಸೇರುವ ಗುಂಡಿಯ, ಅಂದರೆ ಸಂಪಿನ, ನೀರೆತ್ತುವ ಮೋಟಾರು ಸುಟ್ಟುಹೋಗಿತ್ತು. ಇನ್ನೂ ದೊಡ್ಡ ಮೋಟಾರು ಹಾಕಿಸೋಣ ಅಂತ ಎಲ್ಲರೂ ಅಂದರು, ನಾನೂ ಹೂಂ ಅಂದೆ. ರಿವೈಂಡಿಂಗ್ ಮಾಡುವವರು ಮೋಟಾರು ಬಿಚ್ಚಿ ನೋಡಿ ಹೇಳಿದ್ದೇ ಬೇರೆ: "ಸರ, ಇದು ಮಳಿಗೆ ಸುಟ್ಟಿದ್ದಲ್ರಿ. ಚಾಲೂ-ಬಂದ್, ಚಾಲೂ-ಬಂದ್ ಆಗಿ ಸುಟ್ಟೈತಿ."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಟೇಪು ಹಿಡಿದು ಸಂಪು ಅಳೆದೆ. 4 ಅಡಿ ಉದ್ದ, 3 ಅಡಿ ಅಗಲ, 7 ಅಡಿ ಆಳ. ನೀರಿನ ಮೇಲೆ ತೇಲುತ್ತಾ ಮೋಟಾರನ್ನು ತಾನೇ ಚಾಲೂ-ಬಂದ್ ಮಾಡುವ ಫ್ಲೋಟ್ ಸ್ವಿಚ್ ಮಾತ್ರ ಅರ್ಧ ಅಡಿ ನೀರು ಏರಿದರೆ ಚಾಲೂ, ಅಷ್ಟೇ ಇಳಿದರೆ ಬಂದ್. ಅಂದರೆ ಸುಮಾರು 170 ಲೀಟರ್ ಆಟ, ಅಷ್ಟೇ. ನಮ್ಮ ಮೋಟಾರು ಸೆಕೆಂಡಿಗೆ 10 ಲೀಟರ್ ಎತ್ತುತ್ತದೆ. ಅಂಗಳ, ಇಳಿಜಾರು ಸೇರಿ 600 ಚದರ ಮೀಟರ್ ಜಾಗದ ನೀರು ಈ ಸಂಪಿಗೇ ಬರುತ್ತದೆ. ಗಂಟೆಗೆ 30 ಮಿಲಿಮೀಟರ್ ಮಳೆ ಬಿದ್ದರೆ ಸೆಕೆಂಡಿಗೆ 5 ಲೀಟರ್ ಒಳಗೆ ಬಂತು ಅನ್ನಿ. ಆಗ 34 ಸೆಕೆಂಡಿಗೆ ತುಂಬುತ್ತದೆ, ಇನ್ನು 34 ಸೆಕೆಂಡಿಗೆ ಖಾಲಿ. ಗಂಟೆಗೆ ಐವತ್ತಕ್ಕಿಂತ ಜಾಸ್ತಿ ಸಲ ಚಾಲೂ! ನೇರ ಸ್ಟಾರ್ಟರ್ ಇದ್ದರೆ ಪ್ರತಿ ಸಲ ಚಾಲೂ ಆಗುವಾಗ ಮೋಟಾರು ಮಾಮೂಲಿಗಿಂತ 5ರಿಂದ 7 ಪಟ್ಟು ಕರೆಂಟ್ ಎಳೆಯುತ್ತದೆ, ಆ ಬಿಸಿ ಆರುವುದರೊಳಗೆ ಮತ್ತೆ ಚಾಲೂ ಆದರೆ ಒಳಗಿನ ತಂತಿಯ ಸುತ್ತು (ವೈಂಡಿಂಗ್) ಎಷ್ಟು ಅಂತ ತಾಳುತ್ತದೆ, ನೀವೇ ಹೇಳಿ.

ನನಗೆ ಬಹಳ ಆಶ್ಚರ್ಯವಾಗಿದ್ದು ಇದು. ಧೋ ಅಂತ ಸುರಿದರೆ ಮೋಟಾರು ಸುಮ್ನೆ ಓಡುತ್ತಲೇ ಇರುತ್ತದೆ, ಅದಕ್ಕೆ ತೊಂದರೆ ಇಲ್ಲ. ಎತ್ತುವ ಶಕ್ತಿಯ ಅರ್ಧದಷ್ಟು ನೀರು ಬರುವಂಥ ಮಳೆಯಲ್ಲೇ ಚಾಲೂ-ಬಂದ್ ಎಲ್ಲಕ್ಕಿಂತ ಜಾಸ್ತಿ. ದೊಡ್ಡ ಮೋಟಾರು ಹಾಕಿದ್ದರೆ ಸಂಪು ಇನ್ನೂ ಬೇಗ ಖಾಲಿಯಾಗಿ, ಅದಕ್ಕೂ ಇದೇ ಗತಿ ಬರುತ್ತಿತ್ತು.

ನಾವು ಮಾಡಿದ್ದು ಇಷ್ಟೇ: ಚಾಲೂ ಮತ್ತು ಬಂದ್ ಮಟ್ಟಗಳ ನಡುವೆ ಅರ್ಧ ಅಡಿಯ ಬದಲು 4 ಅಡಿ ಬಿಟ್ಟೆವು. ಸುಮಾರು 1,350 ಲೀಟರ್. ಈಗ ಅದೇ ಮಳೆಗೆ ಗಂಟೆಗೆ ಆರೇಳು ಸಲ ಚಾಲೂ ಆಗುತ್ತದೆ. ಬಂದ್ ಆಗುವ ಮಟ್ಟವನ್ನು ಮೋಟಾರು ಮುಳುಗಿರುವಷ್ಟು ಮೇಲೇ ಇಟ್ಟಿದ್ದೇವೆ, ಯಾಕೆಂದರೆ ನೀರೊಳಗೇ ಮುಳುಗಿ ಓಡುವ ಇಂಥ ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದು ಸುತ್ತಲ ನೀರೇ. ಜಪಾನಿನಲ್ಲಿ ನೀರು ಬರುವ ಮೊದಲೇ ಚಾಲೂ ಮಾಡಿ ಕಾಯುವ ಮಳೆನೀರಿನ ಪಂಪುಗಳಿವೆ, ಆದರೆ ಅವನ್ನು ನೀರಿಲ್ಲದೆಯೂ ಓಡುವ ಹಾಗೇ ಮಾಡಿರುತ್ತಾರೆ. ನಮ್ಮದರಲ್ಲಿ ಅದನ್ನು ಮಾಡಲು ಹೋಗಬೇಡಿ.

4 ಅಡಿ ಬಿಟ್ಟಿದ್ದಕ್ಕೆ ಒಂದು ಅಪಾಯವೂ ಇದೆ. ಮಳೆ ಶುರುವಾಗುವಾಗಲೇ ಸಂಪು ಅರ್ಧ ತುಂಬಿರಬಹುದು, ಆಮೇಲೆ ಗುಡುಗು ಬಂದು ಕರೆಂಟ್ ಹೋದರೆ ಮುಗೀತು. ಹಾಗಾಗಿ ಮೋಡ ಕಪ್ಪಾದ ಕೂಡಲೇ ವಾಚ್‌ಮನ್ ಕೈಯಾರೆ ಬಟನ್ ಒತ್ತಿ, ಬಂದ್ ಮಟ್ಟದವರೆಗೆ ಇಳಿಸಿ ಇಡುತ್ತಾರೆ. ಪೈಪಿಗೆ ನೀರು ಹಿಂದೆ ಬರದಂತೆ ತಡೆಯುವ ವಾಲ್ವ್ ಕೂಡ ಹಾಕಿಸಿದೆವು. ಮುಂದಿನ ಗಟಾರ ತುಂಬಿದಾಗ, ನಾವು ಎತ್ತಿ ಬಿಟ್ಟ ನೀರು ಮೋಟಾರು ನಿಂತ ಕೂಡಲೇ ವಾಪಸ್ ಇಳಿದು ಸಂಪಿಗೇ ಬರುತ್ತಿತ್ತು.

ಮುಂಬೈಗೆ ಸಮುದ್ರದ ಭರತದ ಕಷ್ಟ, ಅಲ್ಲಿ ದೊಡ್ಡ ಪಂಪಿಂಗ್ ಸ್ಟೇಷನ್ನುಗಳು ಬೇಕೇ ಬೇಕು. ನಮಗೆ ಆ ಕಷ್ಟ ಇಲ್ಲ, ಹುಬ್ಬಳ್ಳಿಯ ನಾಲಾದ ನೀರು ಇಳಿಜಾರಿನಲ್ಲಿ ತಾನೇ ಬೇಡ್ತಿ ನದಿಯ ಕಡೆ ಹರಿಯುತ್ತದೆ. ಪಂಪು ಬೇಕಾಗುವುದು ಬೇಸ್‌ಮೆಂಟು, ರೈಲ್ವೆ ಕೆಳಸೇತುವೆಯಂಥ ತಗ್ಗುಗಳಿಗೆ ಮಾತ್ರ. ಅಲ್ಲಿ ಎರಡು ಪಂಪು ಇದ್ದರೆ ಒಂದು ಸಲ ಇದು, ಇನ್ನೊಂದು ಸಲ ಅದು ಅಂತ ಸರದಿಯಲ್ಲಿ ಓಡಿಸಬೇಕು, ನೀರು ಇನ್ನೂ ಏರಿದರೆ ಮಾತ್ರ ಎರಡೂ. ಒಂದನ್ನೇ ವರ್ಷವಿಡೀ ಓಡಿಸಿ ಇನ್ನೊಂದನ್ನು ತುಕ್ಕು ಹಿಡಿಸಿದರೆ, ಬೇಕಾದ ದಿನ ಅದು ತಿರುಗುವುದೇ ಇಲ್ಲ.

ಏಪ್ರಿಲ್ ಕೊನೆಗೆ ಒಂದು ಟ್ಯಾಂಕರ್ ನೀರು ತರಿಸಿ ಸಂಪಿಗೆ ಬಿಟ್ಟು, ಕೈಯಲ್ಲಿ ವಾಚು ಹಿಡಿದು ಎಷ್ಟು ಹೊತ್ತಿಗೆ ಚಾಲೂ, ಎಷ್ಟು ಹೊತ್ತಿಗೆ ಬಂದ್ ಅಂತ ಬರೆದುಕೊಳ್ಳಿ. ನಿಮ್ಮ ಸಂಪಿನ ಅಳತೆ, ಮೋಟಾರಿನ ಲೀಟರ್ ಲೆಕ್ಕ ಕಳಿಸಿದರೆ, ಎಷ್ಟು ಅಡಿ ಅಂತರ ಬಿಡಬೇಕು ಅಂತ ಕೂತು ಲೆಕ್ಕ ಹಾಕಿ ಕೊಡುತ್ತೇನೆ.