ಜನರೇಟರ್ ಬಿಲ್ಡಪ್ ಆಗದ ದಿನ

ನಮ್ಮ ಪಾಲಿಟೆಕ್ನಿಕ್‌ನ ಮಷೀನ್ಸ್ ಲ್ಯಾಬ್‌ನಲ್ಲಿ ಒಂದು ಮೋಟರ್-ಜನರೇಟರ್ ಸೆಟ್ ಇತ್ತು, ಮೋಟರ್ ಒಂದು ಡಿಸಿ ಜನರೇಟರನ್ನು ತಿರುಗಿಸುವಂಥದ್ದು. 220 ವೋಲ್ಟ್, 3 ಕಿಲೋವ್ಯಾಟ್, 1500 ಆರ್‌ಪಿಎಂ. ನಾನು ಇನ್‌ಸ್ಟ್ರಕ್ಟರ್ ಆಗಿದ್ದಷ್ಟು ವರ್ಷ ಪ್ರತಿ ಬ್ಯಾಚ್‌ನಲ್ಲೂ ಒಂದು ದಿನ ಯಾರಾದರೂ ಓಡಿಬಂದು "ಮೇಡಂ, ವೋಲ್ಟೇಜ್ ಬರ್ತಿಲ್ಲ" ಅನ್ನುತ್ತಿದ್ದರು. ಆ ದಿನಕ್ಕಾಗಿ ನಾನು ಕಾಯುತ್ತಿದ್ದೆ.

ಮೊದಲು ಫೀಲ್ಡ್‌ನ, ಅಂದರೆ ಪೋಲ್‌ಗಳನ್ನು ಕಾಂತವಾಗಿಸುವ ಕಾಯಿಲ್‌ನ, ಸ್ವಿಚ್ ತೆಗೆಸಿ ಮೀಟರ್ ನೋಡಲು ಹೇಳುತ್ತಿದ್ದೆ. "ಎಂಟು ವೋಲ್ಟ್, ಮೇಡಂ." ಫೀಲ್ಡ್‌ನಲ್ಲಿ ಕರೆಂಟೇ ಇಲ್ಲ, ಎಂಟು ವೋಲ್ಟ್ ಎಲ್ಲಿಂದ ಬಂತು? ಹಿಂದಿನ ಸಲ ಓಡಿಸಿದಾಗ ಕಬ್ಬಿಣದ ಪೋಲ್‌ಗಳಲ್ಲಿ ಉಳಿದುಹೋದ ಚೂರು ಕಾಂತತೆಯಿಂದ. ಶಂಟ್ ಜನರೇಟರ್ ಬದುಕುವುದೇ ಅದರ ಮೇಲೆ. ಅದರ ಫೀಲ್ಡ್ ಕಾಯಿಲ್ ತೆಳು ತಂತಿಯದು, ತುಂಬಾ ಸುತ್ತುಗಳದು. ಅದನ್ನು ಆರ್ಮೇಚರ್‌ಗೇ, ಅಂದರೆ ವೋಲ್ಟೇಜ್ ಹುಟ್ಟುವ ತಿರುಗುವ ಭಾಗಕ್ಕೇ, ಪ್ಯಾರಲಲ್ ಆಗಿ ಜೋಡಿಸಿರುತ್ತಾರೆ. ಸ್ವಿಚ್ ಹಾಕಿದರೆ ಆ 8 ವೋಲ್ಟ್ ಫೀಲ್ಡ್‌ನಲ್ಲಿ ಚೂರು ಕರೆಂಟ್ ಹರಿಸುತ್ತದೆ. ಕಾಂತ ಸ್ವಲ್ಪ ಬಲವಾಗುತ್ತದೆ, ವೋಲ್ಟೇಜ್ ಏರುತ್ತದೆ, ಕರೆಂಟ್ ಇನ್ನೂ ಜಾಸ್ತಿಯಾಗುತ್ತದೆ. ಹೀಗೇ ಹತ್ತಿ ಹತ್ತಿ, ಕಬ್ಬಿಣ ಇನ್ನು ಹಿಡಿಸಲಾರೆ ಎನ್ನುವ ಹಂತಕ್ಕೆ ಬಂದಾಗ ನಿಲ್ಲುತ್ತದೆ. ಇದೇ ಬಿಲ್ಡಪ್. ಮುಳ್ಳು 8ರಿಂದ 220ಕ್ಕೆ ಏರುವುದನ್ನು ಎಷ್ಟು ಸಲ ನೋಡಿದರೂ ನನಗೆ ಖುಷಿ.

ಏರದೇ ಇದ್ದರೆ ಮೀಟರೇ ಕಾರಣ ಹೇಳುತ್ತದೆ. ಸ್ವಿಚ್ ಹಾಕಿದ ಕೂಡಲೇ 8 ಇದ್ದದ್ದು 2ಕ್ಕೆ ಇಳಿಯಿತಾ? ಫೀಲ್ಡ್ ತುದಿಗಳು ಅದಲುಬದಲಾಗಿವೆ, ಬರುವ ಕರೆಂಟು ಇದ್ದ ಕಾಂತತೆಯನ್ನೇ ಅಳಿಸುತ್ತಿದೆ. 8ರ ಆಸುಪಾಸಿನಲ್ಲೇ ನಿಂತಿತಾ? ಎಲ್ಲೋ ತಂತಿ ಬಿಟ್ಟಿದೆ, ಇಲ್ಲವೇ ಫೀಲ್ಡ್‌ನ ರಿಯೋಸ್ಟಾಟ್ (ಹೆಚ್ಚುಕಮ್ಮಿ ಮಾಡಬಹುದಾದ ರೆಸಿಸ್ಟೆನ್ಸ್) ಪೂರ್ತಿ ಒಳಗಿದೆ. ಶುರುವಿನಲ್ಲೇ ಸೊನ್ನೆಯಾ? ತಿರುಗುವ ಭಾಗದಿಂದ ಕರೆಂಟ್ ಹೊರಗೆ ಕೊಡುವ ಬ್ರಷ್ ಸರಿಯಾಗಿ ಕೂತಿದೆಯೇ ನೋಡಿ. ಕೂತಿದ್ದರೆ ಕಾಂತತೆ ಹೋಗಿದೆ. ಆಗ ಮಷೀನ್ ನಿಲ್ಲಿಸಿ, ಆರ್ಮೇಚರ್‌ನಿಂದ ಫೀಲ್ಡ್ ಬಿಡಿಸಿ, 12 ವೋಲ್ಟ್ ಬ್ಯಾಟರಿಯನ್ನು ಸರಿಯಾದ ದಿಕ್ಕಿನಲ್ಲಿ ಕೆಲವು ಸೆಕೆಂಡು ಮುಟ್ಟಿಸಬೇಕು. ತೆಗೆಯುವಾಗ ಬರಿಗೈ ಬೇಡ, ಕಾಯಿಲ್ ಜೋರಾಗಿ ಹೊಡೆಯುತ್ತದೆ.

ಇನ್ನೊಂದು ಕಾರಣ ನನಗೆ ಪುಸ್ತಕಕ್ಕಿಂತ ಮೊದಲು ಅಪ್ಪನಿಂದ ಗೊತ್ತಾದದ್ದು. ಅವರು ಹುಬ್ಬಳ್ಳಿಯಲ್ಲಿ ರೈಲ್ವೆಯ ಟ್ರೇನ್ ಲೈಟಿಂಗ್ ಕೆಲಸದಲ್ಲಿದ್ದರು. ಆಗ ಬೋಗಿಯ ಕೆಳಗೆ ಡೈನಮೋ ಇರುತ್ತಿತ್ತು, ಆಕ್ಸಲ್‌ನಿಂದ ಬೆಲ್ಟ್ ಅದನ್ನು ತಿರುಗಿಸುತ್ತಿತ್ತು. ಶಂಟ್ ಜನರೇಟರನ್ನು ಹಿಮ್ಮುಖ ತಿರುಗಿಸಿದರೂ ಬಿಲ್ಡಪ್ ಆಗುವುದಿಲ್ಲ. ಆದರೆ ರೈಲು ಎರಡೂ ಕಡೆ ಓಡಬೇಕಲ್ವಾ? "ಗಾಡಿ ಹಿಂದ ಹೊಂಟ್ರ ಬ್ರಷ್ಷೂ ಜಾಗಾ ಬದಲಿಸ್ತದವ್ವಾ" ಎಂದು ಅಪ್ಪ ಎರಡು ಬೆರಳು ತಿರುಗಿಸಿ ತೋರಿಸಿದ್ದರು. ದಿಕ್ಕು ಬದಲಾದಾಗ ಬ್ರಷ್ ಹಿಡಿಕೆಯೇ ಪಕ್ಕದ ಪೋಲಿನ ಜಾಗಕ್ಕೆ ಜರುಗುವ ಏರ್ಪಾಡು ಅದು. ಪ್ಲಸ್ ಪ್ಲಸ್ಸಾಗಿಯೇ ಉಳಿಯುತ್ತಿತ್ತು.

ಶಂಟ್ ಅಲ್ಲದೆ ಬೇರೆ ಬಗೆಗಳೂ ಇವೆ. ಫೀಲ್ಡ್‌ಗೆ ಹೊರಗಿನ ಬ್ಯಾಟರಿ ಕೊಟ್ಟರೆ ಅದು ಸೆಪರೇಟ್ಲಿ ಎಕ್ಸೈಟೆಡ್. ಲೋಡ್ ಏನೇ ಆಗಲಿ ಕಾಂತ ನಮ್ಮ ಕೈಯಲ್ಲಿರುತ್ತದೆ. ಸೀರೀಸ್ ಜನರೇಟರ್‌ನಲ್ಲಿ ದಪ್ಪ ತಂತಿಯ ಕೆಲವೇ ಸುತ್ತು, ಲೋಡ್ ಕರೆಂಟ್ ಪೂರ್ತಿ ಅದರ ಮೂಲಕವೇ ಹೋಗಬೇಕು. ಲೋಡ್ ಇಲ್ಲದಿದ್ದರೆ ಅದು ಏಳುವುದೇ ಇಲ್ಲ, ಲೋಡ್ ಏರಿದಂತೆ ವೋಲ್ಟೇಜೂ ಏರುತ್ತದೆ. ಮನೆ ದೀಪಕ್ಕೆ ಆಗದು. ಉದ್ದದ ಡಿಸಿ ಲೈನಿನಲ್ಲಿ ಕಳೆದುಹೋದ ವೋಲ್ಟೇಜ್ ತುಂಬಿಕೊಡಲು ಬೂಸ್ಟರ್ ಆಗಿ ಬಳಸುತ್ತಿದ್ದರು.

ಶಂಟ್‌ನದು ಇದರ ಉಲ್ಟಾ, ಲೋಡ್ ಹೆಚ್ಚಿದರೆ ವೋಲ್ಟೇಜ್ ಇಳಿಯುತ್ತದೆ. ಟರ್ಮಿನಲ್ ಪೂರ್ತಿ ಶಾರ್ಟ್ ಆದರೆ ಫೀಲ್ಡ್‌ಗೇ ವೋಲ್ಟೇಜ್ ಸಿಗದೆ ಮಷೀನ್ ತಾನೇ ಸೋತುಬಿಡುತ್ತದೆ. ಲೋಡ್ ಕರೆಂಟ್-ವೋಲ್ಟೇಜ್ ಗ್ರಾಫ್ ಹಿಂದಕ್ಕೆ ಬಾಗುವುದು ಅದಕ್ಕೇ. ಹುಡುಗರು ರೀಡಿಂಗ್ ತಪ್ಪಿದೆ ಎಂದು ಅಳಿಸಲು ಹೊರಡುತ್ತಿದ್ದರು, ನಾನು ಕೈ ಹಿಡಿದು ತಡೆಯುತ್ತಿದ್ದೆ.

ಕಾಂಪೌಂಡ್ ಜನರೇಟರ್‌ನಲ್ಲಿ ಶಂಟ್, ಸೀರೀಸ್ ಎರಡೂ ಸುತ್ತುಗಳಿವೆ. ಸೀರೀಸ್ ಸುತ್ತು ಶಂಟ್‌ಗೆ ಕೈಜೋಡಿಸಿದರೆ ಲೋಡ್ ಬಂದರೂ ವೋಲ್ಟೇಜ್ ಹೆಚ್ಚುಕಮ್ಮಿ ಸಮ ಇರುತ್ತದೆ. ಎದುರಾದರೆ ಧಡಕ್ಕನೆ ಕುಸಿಯುತ್ತದೆ. ಹಳೆಯ ವೆಲ್ಡಿಂಗ್ ಜನರೇಟರ್‌ಗಳಿಗೆ ಆ ಕುಸಿತವೇ ಬೇಕಿತ್ತು. ರಾಡ್ ತಾಗಿದಾಗ ಬಹುತೇಕ ಶಾರ್ಟೇ ಆಗುತ್ತದೆ, ಕರೆಂಟು ಆಗ ಅಂಕೆ ಮೀರಬಾರದು.

ಇವೆಲ್ಲದರ ಒಳಗೆ ಆರ್ಮೇಚರ್‌ನಲ್ಲಿ ಹುಟ್ಟುವುದು ಮಾತ್ರ ಎಸಿಯೇ. ಕಾಯಿಲ್ ಒಂದು ಪೋಲ್ ದಾಟಿ ಇನ್ನೊಂದರ ಕೆಳಗೆ ಬಂದಾಗ ಕರೆಂಟಿನ ದಿಕ್ಕು ತಿರುಗುತ್ತದೆ. ಅದೇ ಹೊತ್ತಿಗೆ ಬ್ರಷ್ ಕೆಳಗಿನ ಕಮ್ಯುಟೇಟರಿನ ತಾಮ್ರದ ಪಟ್ಟಿಯೂ ಬದಲಾಗುವುದರಿಂದ ಹೊರಗೆ ಒಂದೇ ದಿಕ್ಕು. ಚಲಿಸುವ ಕಾಂತದಿಂದ ವಿದ್ಯುತ್ ಹುಟ್ಟುತ್ತದೆಂಬ ಫ್ಯಾರಡೆಯ 1831ರ ಶೋಧದ ಮರುವರ್ಷವೇ ಪ್ಯಾರಿಸ್‌ನ ಉಪಕರಣ ತಯಾರಕ ಪಿಕ್ಸೀ ಈ ಕಮ್ಯುಟೇಟರ್ ಉಪಾಯವನ್ನು ಮಾಡಿ ತೋರಿಸಿದ್ದ.

ನಿಮ್ಮ ಲ್ಯಾಬ್‌ನಲ್ಲಿ ಇಂಥ ಮಷೀನ್ ಇನ್ನೂ ಇದ್ದರೆ ಕವರ್ ತೆಗೆದು ಕಮ್ಯುಟೇಟರ್ ನೋಡಿ. ಚಾಕೊಲೇಟ್ ಬಣ್ಣದ ತೆಳು ಹೊಳಪು ಇದ್ದರೆ ಅದು ಕೊಳೆಯಲ್ಲ, ಆರೋಗ್ಯದ ಗುರುತು. ಉಜ್ಜಬೇಡಿ. ಉಜ್ಜಲೇಬೇಕಾದರೂ ಎಮರಿ ಪೇಪರ್ ಬೇಡ, ಅದರ ಪುಡಿ ಪಟ್ಟಿಗಳ ಸಂದಿಗೆ ಇಳಿದು ಶಾರ್ಟ್ ಮಾಡುತ್ತದೆ. ನುಣುಪಾದ ಗ್ಲಾಸ್ ಪೇಪರ್ ಸಾಕು.