ಮಾವನ ಫೋಟೊ ಹುಡುಕುವ ಪ್ರೋಗ್ರಾಂ: ಮೂರನೇ ವಾರ

ನನ್ನ ಸೋದರಮಾವ ಚಿತ್ರದುರ್ಗದ ಕೋಟೆಯ ಹೊಂಡಗಳ ಫೋಟೊ ತೆಗೆದಿಡುತ್ತಾರೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡ, ಅದು ತುಂಬಿದರೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡ. ಹೀಗೆ ನೀರು ಇಳಿಯುವ ದಾರಿಯನ್ನು ಮಳೆಗಾಲ ಬಿಡದೆ ಹಿಂಬಾಲಿಸುತ್ತಾರೆ. ಫೈಲುಗಳ ಹೆಸರೆಲ್ಲ ಕನ್ನಡದಲ್ಲೇ. ಅವನ್ನು ಹುಡುಕಿಕೊಡಲು ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ನಿಯಮ ಎಲ್ಲರಿಗೂ ಗೊತ್ತಿರುವುದೇ: * ಇದ್ದರೆ ಎಷ್ಟು ಅಕ್ಷರ ಬೇಕಾದರೂ ಬರಲಿ, ಏನೂ ಇಲ್ಲದಿದ್ದರೂ ಸರಿ; ? ಇದ್ದರೆ ಸರಿಯಾಗಿ ಒಂದೇ ಒಂದು.

ಸೋಮವಾರ. ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಪ್ರೋಗ್ರಾಂ ಮಾವನ ಫೋಲ್ಡರಿನಲ್ಲಿ ಓಡಲಿಲ್ಲ. *ಹೊಂಡ* ಎಂದು ಕೊಟ್ಟರೆ ಸಿಗುತ್ತಿದ್ದದ್ದು ಒಂದೇ ಫೋಟೊ. ತಪ್ಪು ನನ್ನ ಕೋಡಿನಲ್ಲಿ ಇರಲಿಲ್ಲ. ಲಿನಕ್ಸಿನಲ್ಲಿ ನಕ್ಷತ್ರವನ್ನು (*) ಮೊದಲು ಬಿಡಿಸುವುದು ಶೆಲ್, ಅಂದರೆ ನಾವು ಟೈಪ್ ಮಾಡಿದ ಆಜ್ಞೆಯನ್ನು ಓದಿ ಪ್ರೋಗ್ರಾಂ ಓಡಿಸುವ ಭಾಗ. ಪ್ರೋಗ್ರಾಮಿನ ಕೈಗೆ ಬರುವ ಹೊತ್ತಿಗೆ ಅದು ಫೈಲುಗಳ ಪಟ್ಟಿಯಾಗಿರುತ್ತದೆ. ನಾನು ಅದರಲ್ಲಿ ಮೊದಲನೆಯ ಹೆಸರನ್ನೇ ಹುಡುಕುವ ಮಾದರಿ ಎಂದು ಓದುತ್ತಿದ್ದೆ. ಹೊಂದುವ ಫೈಲ್ ಒಂದೂ ಇಲ್ಲದಿದ್ದರೆ ಬ್ಯಾಷ್ ಎಂಬ ಶೆಲ್ ಮಾದರಿಯನ್ನು ಇದ್ದ ಹಾಗೇ ದಾಟಿಸುತ್ತದೆ. ನಾನು ಪ್ರೋಗ್ರಾಂ ಓಡಿಸುತ್ತಿದ್ದ ಜಾಗದಲ್ಲಿ ಹೊಂಡದ ಫೋಟೊ ಇರಲಿಲ್ಲ, ಹಾಗಾಗಿ ಇಷ್ಟು ದಿನ ಗೊತ್ತೇ ಆಗಲಿಲ್ಲ. ಮಾದರಿಯನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟೆ, ಶೆಲ್ ಅದನ್ನು ಮುಟ್ಟಲಿಲ್ಲ, ಸರಿಹೋಯಿತು. 1971ರ ಯುನಿಕ್ಸಿನಲ್ಲಿ ಈ ಕೆಲಸಕ್ಕೆಂದೇ ಗ್ಲಾಬ್ ಎಂಬ ಬೇರೆ ಪ್ರೋಗ್ರಾಂ ಇತ್ತು. ಇಂದಿಗೂ ಈ ಹೊಂದಿಸುವ ಕೆಲಸಕ್ಕೆ ಅದೇ ಹೆಸರು.

ಬುಧವಾರ ಮಾವ ಫೋನ್ ಮಾಡಿದರು. "ಸಂತೆಹೊಂಡ ಅಂತ ಒಂದ್ಸಲ ಬರ್ದಿದೀನಿ, ಸಂತೇಹೊಂಡ ಅಂತ ಒಂದ್ಸಲ ಬರ್ದಿದೀನಿ ಕಣಪ್ಪಾ. ನೀನು ಹೇಳಿದ್ ಹಾಗೆ ನಡುವೆ ಪ್ರಶ್ನೆ ಹಾಕ್ದೆ, ಒಂದೂ ಬರ್ಲಿಲ್ಲ."

ಸಂ?ಹೊಂಡ* ಎಂದು ಹಾಕಿದ್ದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೂತು ಒಂದೊಂದೇ ಬೈಟ್ ಅಚ್ಚು ಹಾಕಿಸಿ ನೋಡಿದೆ. ಬರಹವನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. 'ತೆ' ಎಂದರೆ ತಕಾರ ಮತ್ತು ಎತ್ವ, ಎರಡು ಚಿಹ್ನೆ, 6 ಬೈಟ್. ನನ್ನ ಪ್ರಶ್ನಾರ್ಥಕ ನುಂಗುತ್ತಿದ್ದದ್ದು ಒಂದು ಬೈಟ್, ಅಂದರೆ ತಕಾರದ ಮೂರನೇ ಒಂದು ಪಾಲು. ಆರು ಪ್ರಶ್ನಾರ್ಥಕ ಹಾಕಿದರೆ ಸಿಕ್ಕಿತು! ಆದರೆ ಮಾವನಿಗೆ "ಆರು ಹಾಕಿ" ಎಂದು ಹೇಳುವ ಮನಸ್ಸಾಗಲಿಲ್ಲ. ಬೈಟ್ ಬಿಟ್ಟು ಚಿಹ್ನೆ ಎಣಿಸಿದರೂ ಎರಡು ಬೇಕು. 'ಅಕ್ಕ'ದ ಕ್ಕಗೆ ಮೂರು: ಕ, ಹಲಂತ, ಮತ್ತೆ ಕ. ಕಾಗುಣಿತ ಕಲಿತ ಯಾರನ್ನು ಕೇಳಿದರೂ ಕ್ಕ ಒಂದೇ ಅಕ್ಷರ. ಕನ್ನಡದ ಹೆಸರನ್ನು ಹುಡುಕುವ ಪ್ರೋಗ್ರಾಂ ಕನ್ನಡದ ಎಣಿಕೆಯನ್ನೇ ಒಪ್ಪಬೇಕು, ಇದರಲ್ಲಿ ನನಗೆ ರಾಜಿಯಿಲ್ಲ.

ಹಾಗಾಗಿ ಗುರುವಾರ, ಶುಕ್ರವಾರ ಅಕ್ಷರ ಬಿಡಿಸುವ ಕೆಲಸ. ಒಂದು ವ್ಯಂಜನ, ಅದರ ನಂತರ ಹಲಂತ ಮತ್ತು ವ್ಯಂಜನ ಎಷ್ಟು ಸಲ ಬಂದರೂ ಸೇರಿಸಿಕೊ, ಆಮೇಲೆ ಸ್ವರಚಿಹ್ನೆ ಇದ್ದರೆ ಅದನ್ನೂ, ಸೊನ್ನೆಯೋ ವಿಸರ್ಗವೋ ಇದ್ದರೆ ಅದನ್ನೂ ಸೇರಿಸಿಕೊ. ಬರೆದಾಗ ಇಪ್ಪತ್ತೇ ಸಾಲು.

ಮೊದಲ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಅಕ್ಷರದ ಲೆಕ್ಕಕ್ಕೇ ತಂದುಬಿಟ್ಟಿದ್ದೆ. ಆಗ ಇನ್ನೊಂದು ಕಡೆ ಕೆಟ್ಟಿತು. *ಬಾಗಿಲ* ಎಂದು ಹುಡುಕಿದರೆ 'ಗಾರೆಬಾಗಿಲ ಒಳಗೆ' ಸಿಗುತ್ತದೆ, 'ಗಾರೆಬಾಗಿಲು' ಸಿಗುವುದಿಲ್ಲ. ಲ ಬೇರೆ, ಲು ಬೇರೆ ಎಂದು ಪ್ರೋಗ್ರಾಂ ಹಟ ಹಿಡಿಯುತ್ತದೆ. ನಮ್ಮ ಭಾಷೆಯಲ್ಲಿ ವಿಭಕ್ತಿ ಹತ್ತಿದರೆ ಕೊನೆಯ ಸ್ವರವೇ ಬದಲಾಗುತ್ತದಲ್ಲ. ಅದಕ್ಕೇ ಈಗಿನ ತೀರ್ಮಾನ: ಬರೆದ ಅಕ್ಷರಗಳು ಮತ್ತು * ಎರಡೂ ಚಿಹ್ನೆಗಳ ಲೆಕ್ಕದಲ್ಲೇ ನಡೆಯಲಿ, ? ಮಾತ್ರ ಇಡೀ ಅಕ್ಷರ ತೆಗೆದುಕೊಳ್ಳಲಿ, ಅದೂ ಅಕ್ಷರದ ಆರಂಭದಿಂದಲೇ.

ನಕ್ಷತ್ರದ ಕೋಡನ್ನೂ ಬದಲಿಸಿದೆ. ಮೊದಲು ಫಂಕ್ಷನ್ ತನ್ನನ್ನೇ ಕರೆಯುತ್ತಿತ್ತು. ನಾಲ್ಕೈದು ನಕ್ಷತ್ರ ಸೇರಿ ಹೆಸರು ಉದ್ದವಾದರೆ ತೆವಳುತ್ತಿತ್ತು. ಈಗ ಕೊನೆಯ ನಕ್ಷತ್ರದ ಜಾಗವನ್ನಷ್ಟೇ ನೆನಪಿಟ್ಟು, ಹೊಂದದಿದ್ದಾಗ ಅಲ್ಲಿಗೆ ಮರಳಿ, ಅದಕ್ಕೆ ಇನ್ನೊಂದು ಚಿಹ್ನೆ ತಿನ್ನಿಸಿ ಮುಂದೆ ಹೋಗುತ್ತೇನೆ. ಹಿಂದಿನ ನಕ್ಷತ್ರಗಳ ಕಡೆ ತಿರುಗಿ ನೋಡಬೇಕಿಲ್ಲ. ಅವು ಹೆಚ್ಚಾಗಿ ನುಂಗಿ ಸಿಗಬಹುದಾದದ್ದನ್ನೆಲ್ಲ ಕೊನೆಯದೇ ನುಂಗಬಲ್ಲದು.

ಶನಿವಾರ ಮಾವನ ಮನೆಗೇ ಹೋಗಿ ಓಡಿಸಿದೆ. ಸಂ?ಹೊಂಡ* ಎಂದರೆ ಎರಡೂ ಬರಹ ಬಂದವು. ಆದರೆ ಪೂರ್ತಿ ಸಂತೇಹೊಂಡ* ಎಂದು ಹುಡುಕಿದರೆ ಮೂರು ಫೋಟೊ ತಪ್ಪಿಸಿಕೊಂಡವು. ಪರದೆಯ ಮೇಲೆ ಹೆಸರಿನಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಬೈಟ್ ಎಣಿಸಿದರೆ ಅವುಗಳ 'ತೇ' 6 ಅಲ್ಲ, 9: ತಕಾರ, ಎತ್ವ, ದೀರ್ಘ ಎಂದು ಬಿಡಿಬಿಡಿಯಾಗಿ ಕೂತಿವೆ. ಎಲ್ಲ ಭಾಷೆಗಳ ಚಿಹ್ನೆಗಳಿಗೆ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಎರಡೂ ಸಮಾನವೇ. ಆ ಮೂರು ಬೇರೊಬ್ಬರ ಕಂಪ್ಯೂಟರಿನಿಂದ ಬಂದ ಫೋಟೊಗಳಂತೆ. ಮಾದರಿಯನ್ನೂ ಹೆಸರನ್ನೂ ಮೊದಲು ಎನ್‌ಎಫ್‌ಸಿ ಎಂಬ, ಬಿಡಿ ಚಿಹ್ನೆಗಳನ್ನು ಕೂಡಿಸಿದ ರೂಪಕ್ಕೆ ತಂದು ಆಮೇಲೆ ಹೋಲಿಸಿದೆ. ಮೂರೂ ಬಂದವು. ಒಂದರಲ್ಲಿ ಸಂತೆಹೊಂಡದ ಮೆಟ್ಟಿಲು ಕೊನೆಯವರೆಗೂ ನೀರಿನಲ್ಲಿ ಮುಳುಗಿತ್ತು. "ಇದನ್ನೇ ನಾನು ಹುಡುಕ್ತಿದ್ದಿದ್ದು ನೋಡು," ಎಂದು ಮಾವ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದರು.

ಇನ್ನು ಬಾಕಿ ಇರುವುದು 'ಏಪ್ರಿಲ್‌ನಲ್ಲಿ' ಎಂಬಂಥ ಹೆಸರುಗಳು. ಲ್ ಮತ್ತು ನ ಬೆಸೆಯದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಸದ್ಯಕ್ಕೆ ಅದು ಬಂದಲ್ಲಿ ಅಕ್ಷರ ಮುಗಿಯಿತು ಎಂದು ಲೆಕ್ಕ ಹಾಕಿದ್ದೇನೆ. ಮುಂದಿನ ವಾರ ಅದೇ ಕೆಲಸ.