50 ಹರ್ಟ್ಜ್

ವಿರಾಜಪೇಟೆ ಮನೆಯಲ್ಲಿ ಮಳೆ ಹಿಡಿದು ನಾಲ್ಕನೇ ದಿನ. ಸಂಜೆ ಕರೆಂಟ್ ಹೋಯಿತು.

ಪಿಎಚ್‌ಡಿಯ ಇಇಜಿ ಡೇಟಾ, ಅಂದರೆ ನೆತ್ತಿಯಿಂದ ದಾಖಲಿಸಿದ ಮೆದುಳಿನ ವಿದ್ಯುತ್ ಅಲೆಗಳನ್ನು, ಮುಂದಿಟ್ಟುಕೊಂಡು ಕೂತಿದ್ದೆ. ವಾರದಿಂದ ಒಂದೇ ಕೆಲಸ, ಗೋಡೆಯ ವೈರಿನಿಂದ ಬಂದು ಸೇರಿಕೊಂಡ 50 ಹರ್ಟ್ಜ್ ಗಲಾಟೆಯನ್ನು, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವ ಕರೆಂಟಿನ ಗುರುತನ್ನು, ತೆಗೆಯುವುದು. ನೆತ್ತಿಯ ಮೇಲೆ ಮೆದುಳಿನ ಅಲೆ ಸಿಗುವುದೇ ಹತ್ತಾರು ಮೈಕ್ರೋವೋಲ್ಟ್, ವೋಲ್ಟಿನ ಹತ್ತು ಲಕ್ಷದಲ್ಲಿ ಹತ್ತಾರು ಪಾಲು. ಅದರ ಮೇಲೆ ಕರೆಂಟಿನ ದರ್ಬಾರು ಬೇರೆ!

ಈಗ ಫ್ರಿಜ್ಜೂ ಸುಮ್ಮನಾಯಿತು. ಇಷ್ಟು ಹೊತ್ತು ಅದು ಗುಂಯ್ ಅನ್ನುತ್ತಿತ್ತು ಅಂತ ನಿಂತ ಮೇಲೇ ಗೊತ್ತಾಗಿದ್ದು. ವಿಚಿತ್ರ ಅಲ್ವಾ? ಒಂದೇ ಸಮನೆ ಬರುವ ಸದ್ದನ್ನು ಮೆದುಳು ಲೆಕ್ಕಕ್ಕೇ ಇಡುವುದಿಲ್ಲ, ನಿಂತರೆ ಮಾತ್ರ ಕಿವಿ ನಿಮಿರುತ್ತದೆ. ನಾನು ಕೋಡ್ ಬರೆದು ಒದ್ದಾಡುವ ಕೆಲಸವನ್ನು ಅದು ಸುಮ್ನೆ ಮಾಡಿಬಿಡುತ್ತದೆ.

ಹೆಂಚಿನ ಮೇಲೆ ಮಳೆ. ತೋಟದ ಕಡೆಯಿಂದ ಕಪ್ಪೆಗಳು.

"ಲ್ಯಾಪ್‌ಟಾಪಲ್ಲಿ ಚಾರ್ಜ್ ಎಷ್ಟಿದೆ?" ಅಮ್ಮ ಅಡುಗೆಮನೆಯಿಂದ ಕೂಗಿದರು.

18 ಪರ್ಸೆಂಟ್. ಅವರ ಫೋನಿಗೆ ಬೇಕಂತೆ.